ಬಾಯಿ ಬರೆಯದ ಚಿತ್ರ

ಮಿಯೆನ್ ಬ್ರೆಡ್ಡಿನ ತಿರುಳನ್ನು ಉಂಡೆ ಮಾಡಿ, ಅದರಿಂದ ಚಿತ್ರದಲ್ಲಿನ ಅಪ್ಪನ ಬಾಯಿಯನ್ನು ಮತ್ತೊಮ್ಮೆ ಒರೆಸಿ ಹಾಕಿದಳು. ಮಸಿಪುಡಿ ಹರಡಿ, ಕಾಗದದ ಮೇಲೆ ಮೂಗಿನ ಕೆಳಗೆ ಮಂಜು ಕವಿದಂತಾಯಿತು. ಕಣ್ಣು ಬಂದಿತ್ತು, ಹಣೆ ಬಂದಿತ್ತು, ಆ ದೊಡ್ಡ ಕಿವಿಗಳೂ ಬಂದಿದ್ದವು. ಬಾಯಿ ಮಾತ್ರ ಬರುತ್ತಿರಲಿಲ್ಲ.

ಪರದೆಯ ಆಚೆ ಅಪ್ಪನ ಶವಪೆಟ್ಟಿಗೆ. ಅದರ ಮೇಲೆ ಅನ್ನದ ಬಟ್ಟಲು, ಬೇಯಿಸಿದ ಮೊಟ್ಟೆ, ನೆಟ್ಟಗೆ ಚುಚ್ಚಿದ ಊಟದ ಕಡ್ಡಿಗಳು. ಓಲಗದವರು ಒಂದು ಸುತ್ತು ಊದಿ ಟೀ ಕುಡಿಯುತ್ತ ಕೂತಿದ್ದರು.

"ಇನ್ನೂ ಆಗಿಲ್ವೇನೇ?" ಚಿಕ್ಕಪ್ಪ ತ್ವಾನ್ ಪರದೆ ಸರಿಸಿದ. "ಪೆಟ್ಟಿಗೆ ಎತ್ತೋ ಹೊತ್ತು ಬಂತು. ಮುಂದೆ ಚಿತ್ರ ಇಲ್ದೆ ಹೇಗೆ ಹೊರಡೋದು? ಊರಲ್ಲಿ ಸತ್ತೋರಿಗೆಲ್ಲ ಮುಖ ಬರೆದುಕೊಟ್ಟೋನು ನಮ್ಮಣ್ಣ. ಅವನೇ ಮುಖ ಇಲ್ದೆ ಹೋಗೋದಾ?"

"ಬರೀತಿದೀನಿ ಚಿಕ್ಕಪ್ಪ."

"ಎದುರಿನ ಕಂಪ್ಯೂಟರ್ ಅಂಗಡಿಯೋನು ಗುರುತಿನ ಚೀಟಿ ಫೋಟೋನೇ ದೊಡ್ಡದು ಮಾಡಿ ಕೊಟ್ಟಿದಾನೆ. ನಿನ್ನದು ಆಗ್ದಿದ್ರೆ ಅದನ್ನೇ ಹಿಡಿಯೋಣ."

ಆ ಫೋಟೋ ತೆಗೆಸಿದ ದಿನ ಮಿಯೆನ್ ಜೊತೆಗಿದ್ದಳು. "ಗಲ್ಲ ಎತ್ತು ಮುದುಕ, ಅಲ್ಲಾಡಬೇಡ!" ಎಂದು ಫೋಟೋದವನು ಗದರಿದ್ದ. ಅಪ್ಪನ ತುಟಿಗಳು ಬಾಗಿಲು ಹಾಕಿಕೊಂಡಂತೆ ಮುಚ್ಚಿಕೊಂಡಿದ್ದವು. ಮೊಬೈಲಿನ ಚಿತ್ರಗಳಲ್ಲೆಲ್ಲ ಮೇಜಿನ ಮೇಲೆ ಬಗ್ಗಿದ ನರೆತ ತಲೆ. ಊಟಕ್ಕೆ ಕೂತಾಗಿನ ದಣಿದ ಬಾಯಿ ಅವಳಿಗೆ ಗೊತ್ತಿತ್ತು. ಅದನ್ನು ಬರೆದರೆ ಯಾರೋ ಕಾಯಿಲೆಯವನ ಮುಖವಾಗುತ್ತಿತ್ತು. ಗಿರಾಕಿಗಳ ಎದುರು ಕೂತಾಗಿನ ಅಪ್ಪನ ಮುಖವನ್ನು ಅವಳು ಕಂಡವಳೇ ಅಲ್ಲ. ಮೊದಲಿನಿಂದಲೂ ಅವಳ ಮೇಜು ಇದ್ದದ್ದು ಅಪ್ಪನ ಬೆನ್ನ ಹಿಂದೆ.

* * *

ವರ್ಷಗಳ ಹಿಂದೆ, ಬಾತುಕೋಳಿ ಮಾರುವ ಹೆಂಗಸು ಥಿನ್ ಮೊದಲ ಸಲ ಬಂದಾಗ ಅಂಗಡಿಯಲ್ಲಿ ಮಿಯೆನ್ ಒಬ್ಬಳೇ ಇದ್ದಳು. ಕೆಸರುಗಾಲು, ಮೈಯೆಲ್ಲ ಬಾತಿನ ವಾಸನೆ, ಕೈಯಲ್ಲಿ ಶಾಲೆಯ ಗುಂಪಿನದೊಂದು ಫೋಟೋ. ಹೊಳೆಯಲ್ಲಿ ಮುಳುಗಿಹೋದ ಮಗಳ ಮುಖ ಅದರಲ್ಲಿ ಹೆಸರುಕಾಳಿನಷ್ಟಿತ್ತು.

"ಇದರಲ್ಲಿ ಮುಖಾನೇ ಇಲ್ಲ, ಆಗಲ್ಲ" ಎಂದಿದ್ದಳು ಮಿಯೆನ್.

ಥಿನ್ ಮೆಟ್ಟಿಲಿಳಿಯುವಷ್ಟರಲ್ಲಿ ಹಿತ್ತಲಿಂದ ಅಪ್ಪ ಬಂದ. ಕೈ ತೊಳೆದು, ನಿಂತೇ, ಎರಡೂ ಕೈಯಲ್ಲಿ ಆ ಫೋಟೋ ತೆಗೆದುಕೊಂಡ. "ಬಾ ತಾಯಿ, ಕೂತ್ಕೋ" ಎಂದದ್ದು ಫೋಟೋಕ್ಕೆ. ಅದನ್ನು ದೀಪಕ್ಕೆ ಒರಗಿಸಿಟ್ಟು ಎರಡು ಬಟ್ಟಲು ಟೀ ಬಗ್ಗಿಸಿದ. ಒಂದು ಥಿನ್‌ಗೆ, ಒಂದು ಅವಳ ಮಗಳಿಗೆ.

"ಮೊದಲು ಟೀ ಕುಡೀರಿ ಅಕ್ಕ. ನಿಮ್ಮನ್ನ ಅಮ್ಮಾ ಅಂತ ಕೂಗುವಾಗ ಇವಳ ಮುಖ ಹೇಗಾಗ್ತಿತ್ತು?"

ಥಿನ್ ಟೀ ಕುಡಿದು ಮಾತು ಶುರುಮಾಡಿದಳು. ಆಮೇಲೆ ನಿಲ್ಲಿಸಲಿಲ್ಲ. ಆ ಮಳೆಗಾಲವೆಲ್ಲ ಸಂತೆ ಮುಗಿಸಿ ಬರುತ್ತಿದ್ದಳು. ಗಲ್ಲ ಹೀಗಲ್ಲ, ಹುಬ್ಬು ಹಾಗಲ್ಲ ಎನ್ನುತ್ತಿದ್ದಳು. ಅಪ್ಪ ಒರೆಸಿ ಮತ್ತೆ ಬರೆಯುತ್ತಿದ್ದ.

"ಇನ್ನು ಬಾತುಕೋಳಿ ದೊಡ್ಡಮ್ಮಂಗೆ ಹಾಸಿಗೇನೂ ಇಲ್ಲೇ ಹಾಸಿಬಿಡಿ" ಎಂದು ಮಿಯೆನ್ ಒಂದು ಸಂಜೆ ಕುಟುಕಿದ್ದಳು.

"ಮೆಲ್ಲಗೆ ಮಾತಾಡೇ. ಕೇಳಿಸುತ್ತೆ."

"ಯಾರಿಗೆ? ಅವರಾಗಲೇ ಹೋದ್ರಲ್ಲ."

ಅಪ್ಪನ ಕತ್ತು ದೀಪಕ್ಕೆ ಒರಗಿದ್ದ ಫೋಟೋದ ಕಡೆ ತಿರುಗಿತ್ತು.

* * *

"ಇವನ್ಯಾರೇ? ತೆರಿಗೆ ವಸೂಲಿಗೆ ಬಂದೋನಾ?"

ಮಿಯೆನ್ ತಲೆಯೆತ್ತಿದಳು. ಊದಿನಕಡ್ಡಿ ಹಚ್ಚಿಟ್ಟು ಒಳಗೆ ಬಂದಿದ್ದ ಥಿನ್, ಗೋಡೆಗೆ ಒರಗಿಸಿದ್ದ ಕಂಪ್ಯೂಟರ್ ಅಂಗಡಿಯ ಫೋಟೋ ನೋಡುತ್ತಿದ್ದಳು. ಬೆನ್ನು ಬಾಗಿತ್ತು, ವಾಸನೆ ಹಾಗೇ ಇತ್ತು.

"ನಮ್ಮಪ್ಪನೇ."

"ಸುಳ್ಳು. ಇಂಥವನ ಮುಂದೆ ನಾನು ಅಳ್ತಿದ್ನಾ?"

ಹೊತ್ತಾಯಿತು, ಆಚೆ ಹೋಗಿ ಎನ್ನುವ ಮಾತು ಮಿಯೆನ್‌ಳ ನಾಲಗೆಯ ತುದಿಗೆ ಬಂದಿತ್ತು. ಅವಳು ಎದ್ದಳು. ಕೈ ತೊಳೆದಳು. ಸ್ಟೂಲು ಎಳೆದು, ಟೀ ಬಗ್ಗಿಸಿದಳು.

"ಕೂತ್ಕೊಳ್ಳಿ ದೊಡ್ಡಮ್ಮ. ನೀವು ಮಾತಾಡುವಾಗ ಅಪ್ಪನ ಬಾಯಿ ಹೇಗಿರ್ತಿತ್ತು?"

"ಅದೇನು, ನಿಂಗೊತ್ತಿಲ್ವಾ?"

"ನಾನು ಹಿಂದೆ ಕೂತಿರ್ತಿದ್ದೆ."

ಮುದುಕಿ ಬಟ್ಟಲನ್ನು ಎರಡೂ ಅಂಗೈ ನಡುವೆ ಹಿಡಿದಳು. "ಮುಚ್ಚಿರ್ತಿರಲಿಲ್ಲ ಮಗಳೇ. ಒಂಚೂರು ತೆಗೆದಿರ್ತಿತ್ತು. ಏನೋ ಹೇಳೋಕೆ ಬಂದೋನು, ನೀವೇ ಮೊದಲು ಹೇಳಿ ಅಂತ ನಿಂತ ಹಾಗೆ. ನಾನು ಅತ್ರೂ ಮುಚ್ತಿರಲಿಲ್ಲ. ಸುಮ್ನೆ ಬಟ್ಟಲನ್ನ ಹತ್ರ ತಳ್ಳೋನು."

ಮಿಯೆನ್ ಕುಂಚ ಎತ್ತಿಕೊಂಡಳು. ಒಂಚೂರು ಅಂದರೆ ಎಷ್ಟು? ಬರೆದಳು, ಒರೆಸಿದಳು. ಅಷ್ಟರಲ್ಲಿ ಹೊರಗೆ ಡೋಲಿಗೆ ಪೆಟ್ಟು ಬಿತ್ತು.

"ಮುಗೀತೇನೇ?" ಚಿಕ್ಕಪ್ಪ ಒಳಗೆ ನುಗ್ಗಿದವನು ಕಾಗದ ನೋಡಿ ನಿಂತ. "ಬಾಯಿ ಎಲ್ಲಿ?"

"ಇನ್ನೂ ಕೇಳ್ತಾ ಇದೀನಿ ಚಿಕ್ಕಪ್ಪ."

"ಊರು ನಗುತ್ತೆ ಕಣೇ. ಆ ಫೋಟೋ ತಗೋ."

"ಅದು ಬೇಡ. ಫೋಟೋದವನು ಅಪ್ಪನ್ನ ಗದರಿಸಿ ತೆಗೆದದ್ದು."

ಅವಳು ಕಾಗದವನ್ನು ಹಾಗೇ ಗಾಜಿನ ಚೌಕಟ್ಟಿಗೆ ಸೇರಿಸಿ ಎದೆಗೆ ಹಿಡಿದು ಹೊರಟಳು. ಹಿಂದೆ ಪೆಟ್ಟಿಗೆ. ಬೀದಿಯ ಎರಡೂ ಕಡೆ ಜನ ಎದ್ದು ನಿಂತರು. ಅವರಲ್ಲಿ ಬಹಳ ಮಂದಿಯ ಮನೆಗಳಲ್ಲಿ ಅಪ್ಪ ಬರೆದ ಮುಖಗಳಿದ್ದವು. ಯಾರೂ ನಗಲಿಲ್ಲ. ಪಕ್ಕದಲ್ಲಿ ಥಿನ್ ಏದುಸಿರು ಬಿಡುತ್ತ, ಗದ್ದೆಯ ಬದುವಿನ ಉದ್ದಕ್ಕೂ ಅಪ್ಪನ ಬಗ್ಗೆ ಹೇಳುತ್ತಲೇ ನಡೆದಳು. ಮಣ್ಣು ಬಿದ್ದಾಗಲೂ ಚಿತ್ರಕ್ಕೆ ಬಾಯಿ ಇರಲಿಲ್ಲ.

* * *

ವಾಪಸು ಬರುವಾಗ ಕತ್ತಲಾಗುತ್ತಿತ್ತು. ಅಂಗಡಿಯ ಮೆಟ್ಟಿಲ ಮೇಲೆ ಹೆಂಗಸೊಬ್ಬಳು ಪ್ಲಾಸ್ಟಿಕ್ ಚೀಲದಲ್ಲಿ ಏನನ್ನೋ ಸುತ್ತಿ ಹಿಡಿದು ಕೂತಿದ್ದಳು. ಹೊಳೆಯಾಚೆಯವಳು. ಮಿಯೆನ್‌ಳ ತಲೆಗೆ ಕಟ್ಟಿದ ಸೂತಕದ ಬಿಳಿ ಪಟ್ಟಿ ಕಂಡು ಗಡಬಡಿಸಿ ಎದ್ದಳು.

"ಅಯ್ಯೋ, ನಿಮ್ಮನೇಲೇ... ಗೊತ್ತಿರಲಿಲ್ಲ. ಇನ್ನೊಂದಿನ ಬರ್ತೀನಿ."

"ಒಳಗೆ ಬನ್ನಿ ಅಕ್ಕ."

ಮಿಯೆನ್ ಅಪ್ಪನ ಚಿತ್ರವನ್ನು ಹಿರಿಯರ ಪೂಜೆಯ ಪೀಠದ ಮೇಲಿಟ್ಟು, ಮುಂದೆ ದೀಪ ಹಚ್ಚಿದಳು. ಉಗುರುಗಳ ಸಂದಿನ ಮಣ್ಣು ಹೋಗುವಂತೆ ಕೈ ತೊಳೆದಳು. ಎರಡೂ ಕೈ ಚಾಚಿ ಚೀಲ ತೆಗೆದುಕೊಂಡಳು. ಒಳಗೆ ಒದ್ದೆಯಾಗಿ ಅರ್ಧ ಅಳಿಸಿಹೋದ ಹುಡುಗನ ಫೋಟೋ.

"ಬಾಪ್ಪ, ಕೂತ್ಕೋ" ಎಂದಳು. ಎರಡು ಬಟ್ಟಲು ಟೀ ಬಗ್ಗಿಸಿ ಅಪ್ಪನ ಕುರ್ಚಿಯಲ್ಲಿ ಕೂತಳು.

ಹೆಂಗಸು ಏನೋ ಹೇಳಲು ಹೊರಟು ಬಿಕ್ಕಿದಳು. ಮಿಯೆನ್ ಬಟ್ಟಲನ್ನು ಅವಳ ಹತ್ತಿರ ತಳ್ಳಿ ಕಾಯುತ್ತ ಕೂತಳು. ಹೆಂಗಸಿನ ಭುಜದಾಚೆ, ಪೀಠದ ಮೇಲೆ, ದೀಪದ ಬೆಳಕಿಗೆ ಗಾಜು ಹೊಳೆಯಿತು. ಅದರೊಳಗೆ ಮಿಯೆನ್‌ಳದೇ ಮುಖದ ಪಡಿನೆರಳು ಅಪ್ಪನ ಮುಖದ ಮೇಲೆ ಬಿದ್ದಿತ್ತು. ಒರೆಸಿ ಒರೆಸಿ ಮಾಸಿದ ಆ ಜಾಗದಲ್ಲಿ, ತುಸುವೇ ತೆರೆದ ಎರಡು ತುಟಿಗಳು.