ಅತ್ತೆಯ ಟಿಪ್ಪಣಿ

ಆರುನೂರ ಹನ್ನೆರಡು ದಾಖಲೆಗಳನ್ನು ಉಳಿಸಲಾಗಿದೆ, ದೋಷ ಸೊನ್ನೆ ಎಂದು ಪರದೆ ಹೇಳಿದಾಗ ಸೊಸೆ ಕುರ್ಚಿಗೆ ಒರಗಿ ಮೈಮುರಿದಳು. ಬೆಳಗಿನ ಹತ್ತೂಕಾಲು. ಇಂಥ ಕೆಲಸ ಒಂದೇ ಏಟಿಗೆ ಕೈಗೂಡಿದರೆ ಯಾರಿಗೆ ತಾನೆ ಖುಷಿಯಾಗುವುದಿಲ್ಲ? ಆದ ಕೆಲಸವನ್ನು ಒಮ್ಮೆ ಕಣ್ತುಂಬ ನೋಡೋಣ ಎಂದು ಒಂದು ದಾಖಲೆ ತೆರೆದಳು. ಮಧ್ಯಾಹ್ನ ಮೂರಕ್ಕೆ ಹೊಸ ಕಾಲು ತೊಟ್ಟು ನೋಡಲು ಬರಬೇಕಿದ್ದ ಅಂಚೆಯವಳದ್ದು. ವಯಸ್ಸು, ಎತ್ತರ, ತೂಕ, ಯಾವ ಕಾಲು, ಮಂಡಿಯಿಂದ ಎಷ್ಟು ಕೆಳಗೆ, ಎಲ್ಲ ಇತ್ತು. ಹದಿನಾಲ್ಕು ಸಾಲಿಗೆ ದಾಖಲೆ ಮುಗಿದುಹೋಗಿತ್ತು. ಅದರ ಕೆಳಗೆ ಇನ್ನೂ ಇರಬೇಕಿತ್ತು. ಅತ್ತೆ ಬರೆದದ್ದು.

ಅತ್ತೆಯದು ಕೃತಕ ಕಾಲು ಮಾಡುವ ಕೆಲಸ. ಮೂವತ್ತೊಂದು ವರ್ಷದಿಂದ ಅದೇ ಕಾರ್ಖಾನೆ, ಅದೇ ಕಿಟಕಿ ಪಕ್ಕದ ಮೇಜು. ಬಂದವರ ಕಾಲಿನಲ್ಲಿ ಉಳಿದ ಮೊಂಡು ಭಾಗಕ್ಕೆ ಪ್ಲಾಸ್ಟರ್ ಸುತ್ತಿ ಅಚ್ಚು ತೆಗೆದು, ಅಚ್ಚನ್ನು ಅರದಿಂದ ಉಜ್ಜಿ, ಅದರ ಮೇಲೆ ಕಾಲು ಕೂರುವ ಬಟ್ಟಲು ಮಾಡುತ್ತಾಳೆ. ಆ ಬಟ್ಟಲು ಕೂದಲೆಳೆಯಷ್ಟು ತಪ್ಪಾದರೂ ಹಾಕಿಕೊಂಡವರಿಗೆ ಹೆಜ್ಜೆಹೆಜ್ಜೆಗೂ ನರಕ. ಅವಳು ಮಾಡಿದ ಕಾಲು ಹಾಕಿಕೊಂಡು ಮಹಡಿ ಹತ್ತುವವರಿದ್ದಾರೆ, ಗಾರೆ ಕೆಲಸ ಮಾಡುವವರಿದ್ದಾರೆ, ಒಬ್ಬ ಮುದುಕ ಎರಡನೇ ಮದುವೆಯನ್ನೂ ಮಾಡಿಕೊಂಡ. ಸೊಸೆ ಅದೇ ಕಾರ್ಖಾನೆಯ ಪ್ರೋಗ್ರಾಮರ್. ನಡುವೆ ಒಂದು ಓಣಿ ಅಷ್ಟೇ. ಈಚೆ ಇವಳ ಕಂಪ್ಯೂಟರು, ಆಚೆ ಅವಳ ಪ್ಲಾಸ್ಟರು.

ಎರಡು ವರ್ಷದ ಹಿಂದೆ ನೋಟುಬುಕ್ಕು ಬಿಟ್ಟು ಕಂಪ್ಯೂಟರಿಗೆ ಬನ್ನಿ ಎಂದಾಗ ಅತ್ತೆ ಜಪ್ಪಯ್ಯ ಅಂದರೂ ಒಪ್ಪಿರಲಿಲ್ಲ. "ಸರ್ಕಾರಿ ಅರ್ಜಿ ಥರ ಚೌಕಗಳಿರತ್ತೆ ನಿನ್ನ ಪೆಟ್ಟಿಗೇಲಿ. ನನ್ನ ಜನ ಚೌಕಕ್ಕೆ ಹಿಡಿಯೋರಲ್ಲ ಕಣೇ" ಅಂದಿದ್ದಳು. ಆಗಲೇ ಸೊಸೆ ಡಾಕ್ಯುಮೆಂಟ್ ಡೇಟಾಬೇಸ್ ತಂದದ್ದು. ಒಬ್ಬೊಬ್ಬರಿಗೂ ಒಂದೊಂದು ದಾಖಲೆ, ಅದರೊಳಗೆ ಯಾರಿಗೆ ಏನು ಬೇಕೋ ಅದು. ಒಬ್ಬರದ್ದು ಹದಿನಾಲ್ಕೇ ಸಾಲು, ಇನ್ನೊಬ್ಬರದ್ದು ಮೂವತ್ತು. ಎಲ್ಲರೂ ಒಂದೇ ಅಳತೆಯ ಅಂಗಿ ತೊಡಬೇಕೆಂಬ ಹಟ ಅದಕ್ಕಿಲ್ಲ. ಅತ್ತೆಗೆ ಇದು ಬಹಳ ಹಿಡಿಸಿತು. ಸಾಲಿಗೆ ಹೆಸರಿಡುವುದಕ್ಕೂ ಅವಳಿಗೆ ಸ್ವಾತಂತ್ರ್ಯ ಸಿಕ್ಕಿತ್ತಲ್ಲ! 'ಹುಷಾರು' ಎಂದೊಂದು ಕಡೆ, 'ಮರೀಬೇಡ' ಎಂದೊಂದು ಕಡೆ, 'ಇವನ ಹೆಂಡತೀನ ಕೇಳು' ಎಂದು ಮತ್ತೊಂದು ಕಡೆ. ಈ ಶುಕ್ರವಾರ ಅವಳ ನಿವೃತ್ತಿ. ಸೋಮವಾರದಿಂದ ಬರುವ ಹೊಸಬಳಿಗೆ ಅತ್ತೆ ಬಿಟ್ಟುಹೋಗುವುದೆಂದರೆ ಈ ಟಿಪ್ಪಣಿಗಳನ್ನೇ. ಅದಕ್ಕಾಗಿಯೇ ಈ ತಿಂಗಳು ಅಳತೆಗೆ ಬಂದ ಒಬ್ಬೊಬ್ಬರ ಬಗ್ಗೆಯೂ ಮೈಮೇಲೆ ಬಂದವಳಂತೆ ಕೂತು ಬರೆದಿದ್ದಳು.

ಈಗ ಅದೇ ಮಾಯ. ಕಾರಣ ಹುಡುಕಲು ಸೊಸೆಗೆ ಹತ್ತು ನಿಮಿಷವೂ ಬೇಕಾಗಲಿಲ್ಲ. ಹೊಸಬಳಿಗೆ ಎಲ್ಲ ಓರಣವಾಗಿರಲಿ ಎಂದು ಹೋದ ವಾರ ಮ್ಯಾಪರ್ ಎಂಬ ಸಲಕರಣೆ ಜೋಡಿಸಿದ್ದಳು. ಬಹಳ ಒಳ್ಳೆಯ ಸಲಕರಣೆ, ಅದರಲ್ಲಿ ಎರಡು ಮಾತಿಲ್ಲ. ಡೇಟಾಬೇಸಿನ ದಾಖಲೆಯನ್ನು ಎತ್ತಿಕೊಂಡು ಪ್ರೋಗ್ರಾಮಿಗೆ ಬೇಕಾದ ರೂಪದಲ್ಲಿ ಕೊಡುತ್ತದೆ, ಕೆಲಸವಾದ ಮೇಲೆ ಮತ್ತೆ ದಾಖಲೆ ಮಾಡಿ ಅದರ ಜಾಗದಲ್ಲಿ ಇಡುತ್ತದೆ. ನೂರು ಸಾಲಿನ ಪ್ರೋಗ್ರಾಮು ಇಪ್ಪತ್ತಕ್ಕೆ ಇಳಿದಿತ್ತು. ಆದರೆ ದಾಖಲೆಯಲ್ಲಿ ಏನೇನಿರುತ್ತದೆಂದು ಅದಕ್ಕೆ ಮೊದಲೇ ಹೇಳಿಕೊಡಬೇಕು. ಸೊಸೆ ಹದಿನಾಲ್ಕು ಹೆಸರು ಹೇಳಿಕೊಟ್ಟಿದ್ದಳು. ಪರೀಕ್ಷೆಗೆಂದು ತಾನೇ ಮೂರು ದಾಖಲೆ ಮಾಡಿಕೊಂಡಿದ್ದಳು, ಅವುಗಳಲ್ಲೂ ಹದಿನಾಲ್ಕೇ ಸಾಲು. ತಾನೇ ಪ್ರಶ್ನೆಪತ್ರಿಕೆ ಬರೆದು ತಾನೇ ಪಾಸಾದ ಹಾಗೆ! ಬೆಳಿಗ್ಗೆ ತಾರೀಖುಗಳನ್ನೆಲ್ಲ ಒಂದೇ ರೀತಿ ಮಾಡೋಣವೆಂದು ಎಲ್ಲ ದಾಖಲೆ ತೆರೆದು ಉಳಿಸಿದಾಗ, ಮ್ಯಾಪರ್ ತನಗೆ ಗೊತ್ತಿದ್ದ ಹದಿನಾಲ್ಕನ್ನು ನಿಷ್ಠೆಯಿಂದ ವಾಪಸಿಟ್ಟಿತ್ತು. ಗೊತ್ತಿಲ್ಲದ್ದನ್ನು ಕೈಬಿಟ್ಟಿತ್ತು.

ಹಳೆಯ ಪ್ರತಿ ಒಂದಿತ್ತು, ತಿಂಗಳ ಹಿಂದಿನದು. ಅಲ್ಲಿಂದ ಹಳಬರೆಲ್ಲರ ಟಿಪ್ಪಣಿ ಹಿಂದಿರುಗುತ್ತದೆ. ಈ ತಿಂಗಳು ಅಳತೆ ಕೊಟ್ಟ ಇಪ್ಪತ್ತೇಳು ಜನರದ್ದು ಮಾತ್ರ ಹೋದದ್ದು ಹೋದಂತೆ. ಸುಮ್ಮನಿದ್ದುಬಿಡಬಹುದಿತ್ತು. ಶುಕ್ರವಾರ ಅತ್ತೆ ಮನೆ ಸೇರುತ್ತಾಳೆ. ಹೊಸಬಳಿಗೆ ಇಂಥದೊಂದು ಇತ್ತೆಂದು ಗೊತ್ತೇ ಆಗುವುದಿಲ್ಲ. ಈ ಯೋಚನೆ ಸೊಸೆಯ ತಲೆಗೆ ಬಂದದ್ದು ನಿಜ. ಎದ್ದು ಓಣಿ ದಾಟುವಾಗಲೂ ತಲೆಯಲ್ಲೇ ಇತ್ತು.

ಅತ್ತೆ ಮೊಣಕೈವರೆಗೂ ಬೆಳ್ಳಗಾಗಿ ನಿಂತು ಅಚ್ಚೊಂದನ್ನು ಉಜ್ಜುತ್ತಿದ್ದಳು.

"ಅತ್ತೆ, ನಿಮ್ಮ ಹತ್ರ ಒಂದು ಮಾತು."

"ಮುಖ ಯಾಕೆ ಹಾಗಿದೆ? ಗಂಡ ಏನಾದ್ರೂ ಅಂದ್ನಾ? ಅವನಿಗೆ ಸಂಜೆ ಮಾಡ್ತೀನಿ."

"ಅವರಲ್ಲ, ನಾನು. ನಿಮ್ಮ ಟಿಪ್ಪಣಿ ಅಳಿಸಿಬಿಟ್ಟೆ."

ಅರ ನಿಂತಿತು. ಸೊಸೆ ಒಂದೇ ಉಸಿರಿಗೆ ಎಲ್ಲ ಹೇಳಿದಳು. ಹದಿನಾಲ್ಕು ಹೆಸರು, ಮ್ಯಾಪರ್, ಹಳೇ ಪ್ರತಿ, ಇಪ್ಪತ್ತೇಳು ಜನ. ಅತ್ತೆ ಎಲ್ಲ ಕೇಳಿ, ಕೈಯನ್ನು ಮೇಲಂಗಿಗೆ ಒರೆಸಿಕೊಂಡಳು.

"ಒಂದು ತಿಂಗಳು ಕಣೇ. ಕಣ್ಣು ಹೋಗೋ ಹಾಗೆ ಕೂತು ಕುಟ್ಟಿದೀನಿ, ಒಂದೊಂದೇ ಅಕ್ಷರ ಹುಡುಕ್ಕೊಂಡು! ನಿನ್ನ ನಂಬಿ ನೋಟುಬುಕ್ಕು ಬಿಟ್ಟೆನಲ್ಲ, ನನಗೆ ಬುದ್ಧಿ ಇರ್ಲಿಲ್ಲ!"

ಆಚೆ ಮೇಜಿನವರು ತಿರುಗಿ ನೋಡಿದರು. ಸೊಸೆ ತಲೆ ಎತ್ತಲಿಲ್ಲ. ಅತ್ತೆ ಅರಕ್ಕೆ ಅಂಟಿದ ಪ್ಲಾಸ್ಟರನ್ನು ಮೇಜಿನಂಚಿಗೆ ಕುಟ್ಟಿ ಕುಟ್ಟಿ ಉದುರಿಸಿದಳು. ಕೋಪ ಬಂದಷ್ಟೇ ಬೇಗ ಇಳಿಯುವ ಹೆಂಗಸು ಅವಳು. ಇಳಿದದ್ದನ್ನು ತೋರಿಸಿಕೊಳ್ಳುವುದಕ್ಕೆ ಮಾತ್ರ ಬಿಗುಮಾನ.

"ಹೋಗು, ಲ್ಯಾಪ್‌ಟಾಪ್ ತಗೊಂಡ್ಬಾ" ಅಂದಳು. "ಅಲ್ಲೇ ನಿಂತ್ರೆ ಟಿಪ್ಪಣಿ ತಾನಾಗೇ ನಡ್ಕೊಂಡು ಬರತ್ತಾ?"

ಗೋಡೆಯ ಹಲಗೆಗಳ ಮೇಲೆ ಈ ತಿಂಗಳ ಅಚ್ಚುಗಳು ಸಾಲಾಗಿದ್ದವು. ಬಟ್ಟಲು ತಯಾರಾದ ಮೇಲೆ ಉಳಿದವರು ಅಚ್ಚನ್ನು ಒಡೆದು ಬಿಸಾಡುತ್ತಾರೆ. ಅತ್ತೆ ಮಾತ್ರ ಕಾಲು ಹಾಕಿಕೊಂಡವರು ಬಂದು ಸರಿಯಾಗಿದೆ ಎನ್ನುವವರೆಗೂ ಇಟ್ಟುಕೊಳ್ಳುತ್ತಾಳೆ. ಜಾಗ ಸಾಲದೆಂದು ಎಷ್ಟು ಜನ ಗೊಣಗಿದರೂ ಅದು ಅವಳ ಕ್ರಮ. ಮೊದಲನೆಯದನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಹೆಬ್ಬೆರಳಿನಿಂದ ಮೆಲ್ಲಗೆ ಸವರುತ್ತಾ ಹೋದಳು.

"ಇಲ್ಲಿ ಪ್ಲಾಸ್ಟರ್ ಜಾಸ್ತಿ ಹಾಕಿ ಉಬ್ಬಿಸಿದೀನಿ ನೋಡು. ಅಂದ್ರೆ ಬಟ್ಟಲು ಇಲ್ಲಿ ತಾಗಬಾರದು. ಬರಿ. ಮೂಳೆ ತುದಿ ಹೊರಗಿನ ಮಗ್ಗುಲಿಗೆ ಚೂಪಾಗಿದೆ, ಸೆಕೆಗಾಲದಲ್ಲಿ ಊದ್ಕೊಳತ್ತೆ."

ಸೊಸೆ ಬರೆದಳು. ಎರಡನೆಯ ಅಚ್ಚು ಬಂತು, ಮೂರನೆಯದು ಬಂತು. ಇಲ್ಲಿ ಉಜ್ಜಿದೀನಿ, ಭಾರ ಇಲ್ಲೇ ಹೊರಿಸು. ಇಲ್ಲಿ ಹೊಲಿಗೆ ಗುರುತು, ಚರ್ಮ ತೆಳು. ಇವನು ದಿನವಿಡೀ ಕೂತು ಕೆಲಸ ಮಾಡೋನು, ಹಿಂದಿನ ಅಂಚು ತಗ್ಗಿಸು. ಹೆಸರು ಚೀಟಿ ಓದದೆಯೇ ಅತ್ತೆ ಅದು ಯಾರದೆಂದು ಹೇಳುತ್ತಿದ್ದಳು, ಒಮ್ಮೆಯೂ ತಪ್ಪಲಿಲ್ಲ. ಸೊಸೆ ಹನ್ನೊಂದು ವರ್ಷದಿಂದ ಈ ಕೈ ಬಡಿಸಿದ್ದನ್ನು ಉಂಡವಳು. ಆ ಕೈಗೆ ಇಷ್ಟೆಲ್ಲ ಗೊತ್ತೆಂದು ಇವತ್ತೇ ಕಂಡದ್ದು. ಎಂಥ ಹೆಂಗಸಪ್ಪಾ ಇವಳು ಅನ್ನಿಸಿತು.

ಊಟದ ಹೊತ್ತಿಗೆ ಹದಿನೆಂಟು ಮುಗಿದವು. ಅತ್ತೆ ತುತ್ತು ಬಾಯಿಗಿಡುತ್ತಾ ಕೇಳಿದಳು, "ಆ ನಿನ್ನ ಮ್ಯಾಪರ್‌ನ ಕಿತ್ತು ಹಾಕ್ತೀಯಾ?"

"ಇಲ್ಲ ಅತ್ತೆ. ಗೊತ್ತಿಲ್ಲದ್ದು ಏನೇ ಸಿಕ್ಕಿದ್ರೂ ಒಂದು ಚೀಲದಲ್ಲಿ ಹಾಕ್ಕೋ, ವಾಪಸ್ ಇಡುವಾಗ ಹಾಗ್ಹಾಗೇ ಇಡು ಅಂತ ಅದಕ್ಕೆ ಹೇಳಬಹುದು. ನಾನು ಹೇಳಿರಲಿಲ್ಲ."

"ಮತ್ತೆ! ಪಾಪ, ಅದರದ್ದೇನು ತಪ್ಪು. ಹೇಳಿದಷ್ಟನ್ನ ಚಾಚೂ ತಪ್ಪದೆ ಮಾಡಿದೆ. ನಿನ್ನ ಗಂಡ ಅಷ್ಟಾದ್ರೂ ಮಾಡಿದ್ದಿದ್ರೆ!" ಸೊಸೆಗೆ ನಗು ಬಂದುಬಿಟ್ಟಿತು. ಅತ್ತೆ ನಗಲಿಲ್ಲ. "ನೀನು ಬಂದು ಹೇಳಿದೆಯಲ್ಲ, ಅದು ದೊಡ್ಡದು ಕಣಮ್ಮ" ಎಂದು ಡಬ್ಬಿ ಮುಚ್ಚಿದಳು.

ಇಪ್ಪತ್ತಾರು ಮುಗಿಯುವಷ್ಟರಲ್ಲಿ ಮೂರು ಹೊಡೆಯಿತು. ಉಳಿದದ್ದು ಅಂಚೆಯವಳದ್ದೊಂದೇ. ಅವಳ ಅಚ್ಚು ಹೋದ ವಾರ ಹಲಗೆಯಿಂದ ಬಿದ್ದು ಚೂರಾಗಿತ್ತು. ಏನು ಬರೆದಿದ್ದೆ ಎಂದು ಅತ್ತೆ ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. "ಕಾಲಿಂದಲ್ಲ ಅದು, ಬೇರೇನೋ ಬರೆದಿದ್ದೆ" ಅಂದಳು. ಅವಳು ಹೀಗೆ ಸೋತು ಕೂತದ್ದನ್ನು ಸೊಸೆ ಹಿಂದೆಂದೂ ನೋಡಿರಲಿಲ್ಲ. ನೋಡಲಾಗಲಿಲ್ಲ.

ಅಂಚೆಯವಳು ಊರುಗೋಲು ಹಿಡಿದು ಬಂದಳು. ನಲವತ್ತರ ಗಟ್ಟಿಗಿತ್ತಿ. ದಿನಕ್ಕೆ ಏಳು ಮೈಲಿ ಕಾಗದ ಹಂಚುವ ಕೆಲಸ, ಕಾಲು ಸರಿಯಾದರೆ ಮುಂದಿನ ತಿಂಗಳಿಂದ ಮತ್ತೆ ಸಿಗುತ್ತದೆ. ಹೊಸ ಕಾಲು ಹಾಕಿಕೊಂಡು, ನಡಿಗೆ ಕಲಿಯಲು ಹಾಕಿದ್ದ ಎರಡು ಕಂಬಿಗಳ ನಡುವೆ ಅವನ್ನು ಹಿಡಿಯದೆ ನಡೆದು ತೋರಿಸಿದಳು.

"ನೋವಿದೆಯೇನಮ್ಮ?" ಅತ್ತೆ ಕೇಳಿದಳು.

"ಏನೂ ಇಲ್ಲಕ್ಕ. ಹೂವಿನ ಹಾಗಿದೆ."

"ಒತ್ತತ್ತಾ ಎಲ್ಲಾದ್ರೂ?"

"ಇಲ್ವೇ ಇಲ್ಲ. ನಾಳೆಯಿಂದ್ಲೇ ಕಾಗದ ಹಂಚಕ್ಕೆ ಹೋಗ್ತೀನಿ ಬೇಕಾದ್ರೆ."

ಮುಖದಲ್ಲಿ ನಗು, ಹೆಜ್ಜೆಯಲ್ಲಿ ಒಂದಿಷ್ಟೂ ಕುಂಟಿಲ್ಲ. ಸೊಸೆ ಲ್ಯಾಪ್‌ಟಾಪಿನಿಂದ ಕಣ್ಣೆತ್ತಿ ನೋಡುತ್ತಲೇ ಇದ್ದಳು. ಬೆಳಗಿನಿಂದ ಅತ್ತೆಯ ಕೈ ನೋಡಿ ನೋಡಿ, ಈಗಲೂ ಕಣ್ಣು ಕೈಯ ಮೇಲೆಯೇ ಹೋಯಿತು. ಪ್ರತಿ ಸಲ ಹೊಸ ಕಾಲನ್ನು ಊರಿದಾಗಲೂ ಅಂಚೆಯವಳ ಬಲಗೈ ಹೆಬ್ಬೆರಳು ಮುಷ್ಟಿಯೊಳಗೆ ಸೇರಿಕೊಳ್ಳುತ್ತಿತ್ತು. ಒಳ್ಳೆಯ ಕಾಲನ್ನು ಊರಿದಾಗ ಹೊರಗೆ ಬರುತ್ತಿತ್ತು.

"ಅತ್ತೆ, ಅವರಿಗೆ ನೋವಿದೆ" ಅಂದಳು ಸೊಸೆ. "ಹೆಬ್ಬೆರಳು ನೋಡಿ."

ಅತ್ತೆ ಅಂಚೆಯವಳನ್ನು ನೋಡಲಿಲ್ಲ. ಸೊಸೆಯನ್ನೇ ನೋಡಿದಳು.

"ಅದೇ. ಅಳತೆ ದಿನ ಒತ್ತಿ ನೋಡಿದಾಗ ಕಂಡಿತ್ತು, ಅದನ್ನೇ ಬರೆದಿದ್ದೆ ನಾನು" ಅಂದಳು. ಆಮೇಲೆ ಅಂಚೆಯವಳತ್ತ ತಿರುಗಿ, "ಕೂತ್ಕೊಳಮ್ಮ, ಕಾಲು ಬಿಚ್ಚು. ಸುಳ್ಳು ಹೇಳಿದ್ರೆ ಬೇಗ ಕೆಲಸ ಕೊಡ್ತಾರೆ ಅಂದ್ಕೊಂಡ್ಯಾ?" ಎಂದು ಗದರಿದಳು.

ಅಂಚೆಯವಳು ಕೂತು ಮುಖ ಮುಚ್ಚಿಕೊಂಡು ಒಂದು ಕ್ಷಣ ಅತ್ತಳು. ಒಳಮಗ್ಗುಲಿನ ಚರ್ಮ ಕೆಂಪಾಗಿತ್ತು. ಅತ್ತೆ ಬಟ್ಟಲನ್ನು ಬಿಸಿಗಾಳಿಗೆ ಹಿಡಿದು, ಆ ಜಾಗವನ್ನು ಒಳಗಿನಿಂದ ಒತ್ತಿ ಚೂರು ಹಿಗ್ಗಿಸಿ, ಆರಿಸಿ, ಮತ್ತೆ ತೊಡಿಸಿದಳು. ಸೊಸೆ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ಕಂಬಿಯ ಪಕ್ಕಕ್ಕೆ ಬಂದು ನಿಂತಳು.

ಅಂಚೆಯವಳು ಎದ್ದು ನಡೆದಳು. ಆ ತುದಿ ಮುಟ್ಟಿ, ತಿರುಗಿ, ಈ ತುದಿಗೆ ಬಂದಳು. ಅತ್ತೆ, ಸೊಸೆ ಇಬ್ಬರೂ ಅವಳ ಕೈಯನ್ನೇ ನೋಡುತ್ತಿದ್ದರು. ಐದೂ ಬೆರಳು ಬಿಚ್ಚಿದ ಬಲಗೈ ಅವಳ ಪಕ್ಕದಲ್ಲಿ ಸಡಿಲವಾಗಿ ಬೀಸುತ್ತಿತ್ತು.