ಅಪ್‌ಡೇಟ್ ಒತ್ತಿದವರು

ಗಂಡನ ದವಡೆಯ ಚಿತ್ರ ಕಂಪ್ಯೂಟರ್ ಪರದೆಯ ಮೇಲೆ ಅರ್ಧ ತಿರುಗಿತ್ತು, ಅಷ್ಟರಲ್ಲಿ ಪರದೆ ಕಪ್ಪಾಯಿತು. ಒಳಗಿನ ಫ್ಯಾನು ಭರ್ರೆಂದು ಅರಚಿ ಸುಮ್ಮನಾಯಿತು. ಸ್ವಲ್ಪ ಹೊತ್ತಿಗೆ ಆ ಹಾಳಾದ ಪೆಟ್ಟಿಗೆ, ಏನೂ ಆಗಿಯೇ ಇಲ್ಲವೆಂಬಂತೆ ತಾನಾಗಿ ಮತ್ತೆ ಶುರುವಾಗಿ 'ಸ್ವಾಗತ' ಎಂದಿತು. ಆ ಮನೆಯ ಸೊಸೆಗೆ ಅದರ ಮುಖಕ್ಕೆ ಒಂದು ಬಾರಿಸಬೇಕೆನ್ನಿಸಿತು. ಬೆಳಗ್ಗಿನಿಂದ ಇದೇ ಆಟ.

ಅವಳ ಕಸುಬೇ ಅದು. ಮುರಿದ ಮೂಳೆಯ ಸ್ಕ್ಯಾನ್ ನೋಡಿ, ಅದಕ್ಕೆ ಕೂರುವ ಲೋಹದ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ರೂಪಿಸುವುದು. ಅವಳು ಕಳಿಸಿದ ಫೈಲನ್ನು ಲ್ಯಾಬಿನ ಯಂತ್ರ ಓದಿಕೊಂಡು ಲೋಹ ಕೊರೆಯುತ್ತದೆ. ಮುಖ ನೋಡದ ಎಷ್ಟೋ ಜನರ ದವಡೆ ಕೂಡಿಸಿದ ಕೈ. ಈಗ ಏಣಿಯಿಂದ ಬಿದ್ದು ದವಡೆ ಮುರಿದುಕೊಂಡ ಗಂಡನ ಸರದಿ. ಎಲೆಕ್ಟ್ರಿಷಿಯನ್ ಅವನು, ಕರೆಂಟಿಗೆ ಹೆದರಿದಷ್ಟು ಏಣಿಗೆ ಹೆದರಲಿಲ್ಲ. ಆಸ್ಪತ್ರೆಯಲ್ಲಿ ಬಾಯಿ ಕಟ್ಟಿಸಿಕೊಂಡು ಮಲಗಿದ್ದ.

ನಾಳೆ ಬೆಳಗ್ಗೆ ಆಪರೇಷನ್. ಮಧ್ಯಾಹ್ನದೊಳಗೆ ಫೈಲ್ ಲ್ಯಾಬ್ ಸೇರಿದರೆ ಪಟ್ಟಿ ಹೊತ್ತಿಗೆ ಸರಿಯಾಗಿ ಸಿದ್ಧವಾಗುತ್ತದೆ. ಸೇರದಿದ್ದರೆ ಡಾಕ್ಟರು ಯಾವುದೋ ಸಿದ್ಧ ಪಟ್ಟಿಯನ್ನು ಆಪರೇಷನ್ ಮಾಡುತ್ತಲೇ ಇಕ್ಕಳದಲ್ಲಿ ಬಗ್ಗಿಸಿ ಕೂರಿಸಬೇಕು. "ಆಗ ಮೇಲಿನ ಹಲ್ಲೂ ಕೆಳಗಿನ ಹಲ್ಲೂ ಸರಿಯಾಗಿ ಕೂಡುತ್ತೆ ಅಂತ ನಾನು ಮಾತು ಕೊಡಲಾರೆ" ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಹಲ್ಲು ಕೂಡದ ಮನುಷ್ಯ ಅಗಿಯುವುದು ಹೇಗೆ? ಜೀವನವಿಡೀ ನೀರುನೀರಾದದ್ದನ್ನೇ ಕುಡಿದುಕೊಂಡಿರುವುದೇ? ಲ್ಯಾಬಿನಲ್ಲಿ ಈ ಕೆಲಸ ಬಲ್ಲವಳು ಅವಳೊಬ್ಬಳೇ. ಗಂಡ ಬಿದ್ದ ಮೇಲೆ ಮನೆ, ಆಸ್ಪತ್ರೆ ಎರಡನ್ನೂ ತೂಗಿಸಲೆಂದು ಕಂಪ್ಯೂಟರನ್ನೇ ಮನೆಗೆ ಹೊತ್ತು ತಂದಿದ್ದಳು.

ಬೆಳಗ್ಗೆ ಪರದೆಯ ಮೂಲೆಯಲ್ಲಿ ಒಂದು ಚೌಕ ಎದ್ದು ಕೇಳಿತ್ತು: ಪರದೆಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಡ್ರೈವರ್ ಎಂಬ ಸಾಫ್ಟ್‌ವೇರಿನ ಹೊಸ ಅಪ್‌ಡೇಟ್ ಬಂದಿದೆ, ಹಾಕಲೇ? ಹಾಕಿದರೆ ಪರದೆಯ ಚಿತ್ರ ಇನ್ನೂ ಬೇಗ ಬೇಗ ಓಡುತ್ತದಂತೆ. ಬೇಗ ಎಂಬ ಒಂದೇ ಮಾತಿಗೆ ಮರುಳಾಗಿ ಅವಳು 'ಹೌದು' ಒತ್ತಿಬಿಟ್ಟಳು. ಇಂಥ ದಿನ ಯಾರಾದರೂ ಇಂಥ ಕೆಲಸ ಮಾಡುತ್ತಾರೆಯೇ? ತಲೆ ನೆಟ್ಟಗಿದ್ದವರು ಮಾಡುವುದಿಲ್ಲ.

ಬೇರೆ ಊರಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಮೈದುನನಿಗೆ ಫೋನ್ ಹಚ್ಚಿದಳು. ಅವನು ಹೇಳಿದಂತೆ ಪೆಟ್ಟಿಗೆ ಬಿಚ್ಚಿ, ಬ್ರಷ್ಷಿನಲ್ಲಿ ಧೂಳು ಹೊಡೆದಳು. ಬಿಸಿ ನೋಡಿದಳು; ಬಿಸಿಯೇನೂ ಇರಲಿಲ್ಲ. ದವಡೆ ತಿರುಗಿಸಿದೊಡನೆ ಮತ್ತೆ ಕಪ್ಪು.

"ಹಾಗಾದ್ರೆ ಆ ಹೊಸ ಡ್ರೈವರ್‌ದೇ ಕಿತಾಪತಿ ಅತ್ತಿಗೆ. ಕಂಪ್ಯೂಟರನ್ನ ಸೇಫ್ ಮೋಡಲ್ಲಿ ಶುರು ಮಾಡಿ ಅದನ್ನ ಕಿತ್ತು ಬಿಸಾಕಿ, ಹಳೇದು ಹಾಕಿ."

"ನಿಮ್ಮಣ್ಣನ ದವಡೆ ಕಣೋ ಇದು. ನನ್ನ ಹತ್ರ ಪ್ರಯೋಗ ಮಾಡಿಸ್ಬೇಡ."

"ನನಗೆ ಗೊತ್ತಿಲ್ವಾ? ಅದಕ್ಕೇ ಗಿರಾಕಿಗಳನ್ನೆಲ್ಲ ನಿಲ್ಲಿಸ್ಕೊಂಡು ಮಾತಾಡ್ತಿದೀನಿ."

ಹೊಸದನ್ನು ಕಿತ್ತು ಹಳೆಯದನ್ನು ಹಾಕಿದಳು. ದವಡೆ ಬೆಣ್ಣೆಯಂತೆ ನುಣ್ಣಗೆ ತಿರುಗಿತು. ಅವಳಿಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನ್. ನರ್ಸ್ ರಕ್ತದ ಗುಂಪು ಕೇಳಿದಳು. ಬಾಲ್ಕನಿಗೆ ಹೋಗಿ ಮಾತಾಡಿ ಬಂದು ಮೌಸ್ ಹಿಡಿದರೆ ಪರದೆ ಕಪ್ಪು. ಯಂತ್ರ ಮತ್ತೆ ಎದ್ದ ಮೇಲೆ ನೋಡುತ್ತಾಳೆ, ಒಳಗೆ ಕೂತಿರುವುದು ಹೊಸ ಡ್ರೈವರೇ. ಇದೆಲ್ಲಿಂದ ಬಂತು? ಮತ್ತೆ ಕಿತ್ತಳು, ಮತ್ತೆ ಹಾಕಿದಳು. ಮುಖ ತೊಳೆದು ಬರುವಷ್ಟರಲ್ಲಿ ಮತ್ತೆ ಅದೇ ಕಥೆ.

"ಬೇರೆ ಯಾರಾದ್ರೂ ಮುಟ್ಟಿದ್ರಾ?" ಎಂದು ಕೇಳಿದ ಮೈದುನ, ಅವಳು ಮತ್ತೆ ಫೋನ್ ಮಾಡಿದಾಗ.

"ಮನೇಲಿರೋದು ನಾನು, ಅತ್ತೆ."

"ಅಮ್ಮ ಮುಟ್ಟಲ್ಲ ಬಿಡಿ. ಟಿವಿ ರಿಮೋಟನ್ನೇ ಹಲ್ಲಿ ಹಿಡಿದ ಹಾಗೆ ಹಿಡೀತಾಳೆ." ಅವನು ದನಿ ತಗ್ಗಿಸಿದ. "ಗ್ರಾಫಿಕ್ಸ್ ಕಾರ್ಡೇ ಸುಟ್ಟುಹೋಗಿರಬಹುದು ಅತ್ತಿಗೆ. ಹಾಗಿದ್ರೆ ಇವತ್ತಿಗೆ ಆಗೋ ಕೆಲಸ ಅಲ್ಲ."

ಇವತ್ತಿಗೆ ಆಗದಿದ್ದರೆ ಇನ್ನೆಂದಿಗೆ? ಇದೊಂದು ಸಲ, ಕೊನೆಯದಾಗಿ ನೋಡೋಣವೆಂದು ಹಳೆಯ ಡ್ರೈವರನ್ನೇ ಮತ್ತೆ ಕೂರಿಸಿದಳು. ಅಡುಗೆಮನೆಯಲ್ಲಿ ನಿಂತೇ ನೀರು ಕುಡಿದು ತಿರುಗಿದರೆ, ಬಾಗಿಲ ಸಂದಿಯಲ್ಲಿ ಕಂಡದ್ದೇನು! ಅತ್ತೆ ಕಂಪ್ಯೂಟರಿನ ಮುಂದೆ ಬಗ್ಗಿ, ಕನ್ನಡಕ ಮೇಲೆತ್ತಿ, ಒಂದೇ ಬೆರಳಿನಿಂದ ಮೌಸನ್ನು ಒತ್ತುತ್ತಿದ್ದರು.

"ಅತ್ತೆ, ಏನ್ ಮಾಡ್ತಿದೀರಿ?"

"ಮತ್ತೆ ಕೇಳ್ತಿತ್ತು ಕಣೆ. ಹೂಂ ಅಂದೆ."

"ಮತ್ತೆ ಅಂದ್ರೆ?"

"ನೀನು ಎದ್ದು ಹೋದಾಗಲೆಲ್ಲ ಕೇಳುತ್ತೆ ಪಾಪ. ನಿನಗ್ಯಾಕೆ ತೊಂದರೆ ಅಂತ ನಾನೇ ಹೂಂ ಅಂತೀನಿ. ಬೆಳಗ್ಗೆ ನೀನೂ ಅದನ್ನೇ ಒತ್ತಿದ್ಯಲ್ಲ, ನೋಡ್ಕೊಂಡಿದ್ದೆ."

ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತರಾದವರು. ಬೋರ್ಡಿನ ಮೇಲೆ ಯಾವ ದೀಪ ಮಿನುಗಿದರೂ ಉತ್ತರ ಕೊಡದೆ ಬಿಟ್ಟವರಲ್ಲ. ಎದುರಿಗೆ ಒಂದು ಚೌಕ ಎದ್ದುನಿಂತು ಕೇಳುತ್ತಿರುವಾಗ ಅದನ್ನು ಕಾಯಿಸುವುದು ಅವರ ಜಾಯಮಾನದಲ್ಲೇ ಇರಲಿಲ್ಲ. ಇದೆಲ್ಲ ಸೊಸೆಗೂ ಗೊತ್ತು. ಆದರೆ ಆ ಗಳಿಗೆಯಲ್ಲಿ ಅವಳು ಬಾಯಿಗೆ ಬಂದದ್ದನ್ನು ಆಡಿಬಿಟ್ಟಳು.

"ನಾಳೆಯಿಂದ ನಿಮ್ಮ ಮಗ ಊಟ ಮಾಡೋಕಾಗದೆ ಹೋದ್ರೆ, ಅದು ನಿಮ್ಮ ಕೈಯಿಂದ ಆದದ್ದು. ತಿಳ್ಕೊಂಡಿರಿ."

ಅತ್ತೆ ಆ ಬೆರಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿ ಹಿಡಿದುಕೊಂಡು ಕೋಣೆಯಿಂದ ಹೊರಗೆ ಹೋದರು.

ಸೊಸೆ ಇಂಟರ್ನೆಟ್ಟಿನ ಕೇಬಲನ್ನು ಹಿಂದಿನಿಂದ ಕಿತ್ತೆಸೆದಳು. ಇನ್ನು ಅಪ್‌ಡೇಟ್ ಅದೆಲ್ಲಿಂದ ಬರುತ್ತದೋ ಬರಲಿ. ಹಳೆಯ ಡ್ರೈವರ್ ಹಾಕಿ ದವಡೆ ತಿರುಗಿಸಿದಳು. ಎಡಕ್ಕೆ, ಬಲಕ್ಕೆ, ಬುಡಮೇಲು. ಪರದೆ ಕಪ್ಪಾಗಲಿಲ್ಲ. ಆದರೆ ನಂಬುವುದು ಹೇಗೆ? ಪ್ರತಿಯೊಂದು ಗೆರೆ ಎಳೆದಾಗಲೂ ಸೇವ್, ಪ್ರತಿಯೊಂದು ತೂತು ಗುರುತಿಸಿದಾಗಲೂ ಸೇವ್. ಫ್ಯಾನಿನ ಸದ್ದು ಚೂರು ಏರಿದರೆ ಮೌಸ್ ಬಿಟ್ಟು ಕಾಯುತ್ತಿದ್ದಳು. ಬಿರುಕಿನ ಈಚೆ ಆಚೆ ಪಟ್ಟಿ ಅಪ್ಪಿಕೊಂಡು ಕೂರುವ ಹೊತ್ತಿಗೆ ಅವಳ ಕುತ್ತಿಗೆ ಮರಗಟ್ಟಿಹೋಗಿತ್ತು.

ಪಟ್ಟಿಯೇನೋ ಮುಗಿಯಿತು, ಕೆಲಸ ಮುಗಿದಿರಲಿಲ್ಲ. ಸ್ಕ್ರೂ ಎಲ್ಲಿ ಇಳಿಸಬೇಕೆಂದು ತೋರಿಸುವ ಅಚ್ಚು ಬಾಕಿಯಿತ್ತು. ಅದನ್ನು ಸಂಜೆ ಕಳಿಸಿದರೂ ನಡೆಯುತ್ತದೆ. ಪಟ್ಟಿ ಮಾತ್ರ ಈಗಲೇ ಹೋಗಬೇಕು. ಮೊಬೈಲಿನಲ್ಲಿ ಹೋಗುವಷ್ಟು ಚಿಕ್ಕ ಫೈಲಲ್ಲ. ಕೇಬಲ್ ಮತ್ತೆ ಚುಚ್ಚಿದರೆ, ಈ ಸಲ ಆ ಚೌಕ ಕೇಳದೆಯೇ ತನ್ನ ಕೆಲಸ ಮಾಡಿಕೊಂಡರೆ? ಪೆನ್‌ಡ್ರೈವಿಗೆ ಇಳಿಸಿಕೊಂಡಳು. ಅವಳೇ ಹೊರಟರೆ ಅಚ್ಚು ಉಳಿಯುತ್ತದೆ. ಯಾರ ಕೈಯಲ್ಲಿ ಕಳಿಸುವುದು?

ಹೊರಬಾಗಿಲ ಬಳಿ ಅತ್ತೆ ಚಪ್ಪಲಿ ಮೆಟ್ಟಿಕೊಂಡು, ಕೈಚೀಲ ಮಡಿಲಲ್ಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತಿದ್ದರು.

"ಎಲ್ಲಿಗೆ ಹೊರಟಿದೀರಿ ಅತ್ತೆ?"

"ನೀನು ಎಲ್ಲಿಗಾದ್ರೂ ಕಳಿಸಬಹುದು ಅಂತ ಕೂತಿದೀನಿ. ಒಳಗಿದ್ರೆ ಮತ್ತೇನಾದ್ರೂ ಮುಟ್ಟೇನು."

ಸೊಸೆ ಕೈಯಲ್ಲಿದ್ದ ಪೆನ್‌ಡ್ರೈವ್ ನೋಡಿದಳು. ಬಸ್ಸಿನಲ್ಲಿ ಬೀಳಿಸಿಕೊಂಡರೆ? ಇಳಿಯುವ ಸ್ಟಾಪ್ ತಪ್ಪಿದರೆ? ಭಯ ಬಿಡಲೊಲ್ಲದು. ಆದರೂ ಕೊಟ್ಟಳು. ಅತ್ತೆ ಅದನ್ನು ಕರವಸ್ತ್ರದಲ್ಲಿ ಗಂಟು ಹಾಕಿ ಚೀಲದ ತಳಕ್ಕೆ ಸೇರಿಸಿದರು.

"ನಾನು ಒತ್ತಿದ್ದನ್ನ ಅವನಿಗೆ ಹೇಳಬೇಡ ಕಣೆ."

"ಮೊದಲು ಒತ್ತಿದ್ದು ನಾನು ಅತ್ತೆ. ನನ್ನ ಸಿಟ್ಟನ್ನೆಲ್ಲ ನಿಮ್ಮ ಮೇಲೆ ಸುರಿದೆ. ತಪ್ಪಾಯ್ತು."

"ಆಯ್ತು ಬಿಡು, ಬಸ್ ತಪ್ಪುತ್ತೆ" ಎಂದು ಅವರು ಮೆಟ್ಟಿಲಿಳಿದರು.

ಸೊಸೆ ಮತ್ತೆ ಬಂದು ಕೂತಳು. ಮೊಬೈಲು ಪಕ್ಕದಲ್ಲೇ ಇತ್ತು. ಅತ್ತೆಗೆ ಫೋನ್ ಮಾಡಿದರೆ ತೆಗೆಯಲಿಲ್ಲ. ಇನ್ನೊಮ್ಮೆ ಮಾಡಿದಳು; ಆಗಲೂ ಇಲ್ಲ. ಅವಳು ಅಚ್ಚಿನ ಗೆರೆ ಎಳೆಯುತ್ತ ನೂರು ಕೆಟ್ಟ ಯೋಚನೆ ಮಾಡಿದಳು. ಹೊತ್ತು ಏರುತ್ತ ಹೋಯಿತು. ಕಡೆಗೆ ಲ್ಯಾಬಿನ ಯಂತ್ರ ನಡೆಸುವವನದೇ ಫೋನ್ ಬಂತು.

"ಮೇಡಂ, ಫೈಲ್ ತೆರೀತು, ಸರಿಯಾಗಿದೆ. ಕೊರೆಯೋಕೆ ಹಾಕಿದೀನಿ."

"ತಂದುಕೊಟ್ಟವರು ಹೊರಟರಾ?"

"ಎಲ್ಲಿ ಹೊರಡ್ತಾರೆ? ಮಷಿನ್ ಮುಂದೆ ಕುರ್ಚಿ ಎಳ್ಕೊಂಡು ಕೂತಿದಾರೆ. ಚಾ ಕೊಟ್ರೂ ಮುಟ್ಟಲಿಲ್ಲ. ತುಂಬಾ ಹೊತ್ತಾಗುತ್ತೆ, ಮನೆಗೆ ಹೋಗಿ ಅಮ್ಮಾ ಅಂದೆ. 'ನನ್ನ ಮಗ ಹುಟ್ಟುವಾಗ್ಲೂ ತುಂಬಾ ಹೊತ್ತಾಗಿತ್ತು ಕಣಪ್ಪಾ, ನಾನೇನು ಎದ್ದು ಹೋಗಿದ್ನಾ' ಅಂತ ನನ್ನನ್ನೇ ಕೇಳಿದ್ರು."

ಸೊಸೆ ಕಣ್ಣು ಒರೆಸಿಕೊಂಡು, ಅಚ್ಚಿನಲ್ಲಿ ಮುಂದಿನ ಸ್ಕ್ರೂವಿನ ಜಾಗ ಗುರುತಿಸಿ ಸೇವ್ ಮಾಡಿದಳು.