ಎಳೆಬಿಸಿಲಿಗೊಂದು ಹೆಸರು

ಅಜ್ಜಿ ವಿರೂಪಾಕ್ಷಮ್ಮ ನನಗೆ ಕೊಟ್ಟದ್ದು, ದಾರಿ ತಪ್ಪಿದವರನ್ನು ಹೆಸರು ಹಿಡಿದು ಕೂಗಿ ಕರೆತರುವ ಕತೆಗಳನ್ನು. ನಾನು ಅಣ್ಣನ ಹೆಂಡತಿ ಸುರೇಖಾ ವೈನಿಗೆ ಕೊಟ್ಟದ್ದು ಇಂಗ್ಲಿಷಿನ ಅಪರೂಪದ ಪದಗಳನ್ನು. ಅವಳು ಬಸುರಿಯಾದಾಗಿನಿಂದ ಭಾಗ್ಯನಗರದ ನಮ್ಮ ಮನೆಯಲ್ಲಿ ಅದೇ ಆಟ. ಗಾಳಿಗೆ ಜೋಳದ ಗರಿಗಳು ಪಿಸುಗುಡುವುದಕ್ಕೆ ‘ಸುಸರಸ್’ ಎನ್ನುತ್ತಾರೆ ಎಂದರೆ, ಹೊಟ್ಟೆಯ ಮೇಲೆ ಕೈಯಿಟ್ಟು ಆ ಪದವನ್ನು ಒಳಗಿನ ಕೂಸಿಗೂ ಹೇಳುತ್ತಿದ್ದಳು.

ಒಂದು ಚಳಿಯ ಮುಂಜಾನೆ, ಮೂವರೂ ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತಿದ್ದಾಗ, ಚಳಿಗಾಲದ ಬಿಸಿಲಿನ ಈ ಹಿತಕ್ಕೇ ಒಂದು ಪದವಿದೆ, ‘ಅಪ್ರಿಸಿಟಿ’ ಎಂದೆ. ಹೆಣ್ಣಾದರೆ ಅದೇ ಹೆಸರು ಎಂದು ವೈನಿ ಅಲ್ಲೇ ಗೊತ್ತುಮಾಡಿದಳು.

ತೊಟ್ಟಿಲ ದಿನ ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ, ಎಂದರೆ ನಾನು. ಹೇಳುವಾಗ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ತಮಾಷೆಗೆ ಗುದ್ದುತ್ತಾರೆ.

“ನನ್ನ ಹಲ್ಲಿಲ್ಲದ ಬಾಯಾಗ ಆ ಹೆಸರು ಹೆಂಗ ಹೊಳ್ಳತೈತಿ?” ಎಂದಳು ಅಜ್ಜಿ. “ಅದನ್ನ ಇಟ್ಟೀ ಅಂದ್ರ ನಿನ್ನ ಬೆನ್ನಿಗೆ ಮೊದಲ ಗುದ್ದು ನಂದ ನೋಡು.”

ಕೂಸು ದಿನ ತುಂಬುವ ಮೊದಲೇ ಹುಟ್ಟಿತು. ಹೆಣ್ಣು. ಕೊಪ್ಪಳದ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ದೀಪದ ಶಾಖಕ್ಕೆ ಮಲಗಿತ್ತು. ಬಿಸಿಲನ್ನು ಕಾಣಲೇ ಇಲ್ಲ. ತೊಟ್ಟಿಲ ದಿನ ಬರುವ ಮೊದಲೇ ಅಣ್ಣ ಕೊಟ್ರೇಶ ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಮನೆಗೆ ತಂದ.

ಹೊತ್ತು ಮಾಡದೆ ಮಣ್ಣು ಮಾಡಬೇಕೆಂದು ಬಂಧುಗಳು ಅವಸರಿಸಿದರು. ವೈನಿ ಕೂಸನ್ನು ಮಡಿಲಿನಿಂದ ಬಿಟ್ಟುಕೊಡಲಿಲ್ಲ.

“ಎಲ್ಲಾರೂ ಕೂಸು ಕೂಸು ಅಂತೀರಿ. ನನ್ನ ಮಗಳಿಗೆ ಹೆಸರಿತ್ತು,” ಎಂದು ನನ್ನನ್ನೇ ನೋಡಿದಳು.

ಸತ್ತ ಕೂಸಿಗೆ ಹೆಸರಿಡುವ ಪದ್ಧತಿ ಇಲ್ಲ ಎಂದು ಯಾರೋ ಅಂದರು. ಅಷ್ಟು ಪದ ಕೂಡಿಟ್ಟ ನಾನು ಅಜ್ಜಿಯ ಕಡೆ ತಿರುಗಿದೆ.

ಅಜ್ಜಿ ಗೋಡೆ ಹಿಡಿದು ಎದ್ದಳು. ಕೂಸಿನ ಸಮೇತ ವೈನಿಯನ್ನು ನಡೆಸಿಕೊಂಡು ಬಂದು ಕಟ್ಟೆಯ ಬಿಸಿಲಿನಲ್ಲಿ ಕೂರಿಸಿದಳು. ಮುಖದ ಮೇಲಿನ ಬಟ್ಟೆ ಸರಿಸಿದಳು.

“ನನ್ನ ಕತಿಯಾಗ ದಾರಿ ತಪ್ಪಿದವ್ರನ್ನ ಹೆಸರು ಹಿಡದು ಕೂಗ್ತಿದ್ನಿಲ್ಲ? ಇದನ್ನ ಏನಂತ ಕೂಗ್ಲಿ? ಹೇಳವ್ವ, ಆ ಹೆಸರು ಹೇಳು,” ಎಂದು ನನ್ನನ್ನು ಹತ್ತಿರ ಕರೆದಳು.

ಬಾಗಿ, ತಣ್ಣನೆಯ ಆ ಪುಟ್ಟ ಕಿವಿಯಲ್ಲಿ ಹೇಳಿದೆ. ನನ್ನ ಬೆನ್ನು ಗುದ್ದಿಗೆ ಕಾದಿತ್ತು. ಅಜ್ಜಿಯ ಅಂಗೈ ಬಂದು ಸುಮ್ಮನೆ ಅಲ್ಲಿ ಕೂತಿತು.

“ಇನ್ನೊಮ್ಮಿ ಅನ್ನು,” ಎಂದಳು ಮೆಲ್ಲಗೆ. “ನನಗ ಬರವಲ್ದು.”

ಇನ್ನೊಮ್ಮೆ ಅಂದೆ.